ದಾರಿ ತಪ್ಪಿದ ಸುಣ್ಣಕ್ಕೆ ಒಂದು ಬಹಿರಂಗ ಪತ್ರ

ಡೊಂಬಿವಲಿ ಪೂರ್ವ

ಸುಣ್ಣಕ್ಕೆ,

ಶಾಲೆಯ ಪುಸ್ತಕದಲ್ಲಿ ನಿನ್ನ ಹೆಸರು ಕ್ಯಾಲ್ಸಿಯಂ. ನಮ್ಮಮ್ಮನ ಬಾಯಲ್ಲಿ ನೀನು ಸುಣ್ಣ. ನಾನು ಕುಂದಾಪುರದ ಕಡೆಯವಳು. ಹೊಳೆಯ ಚಿಪ್ಪು ಸುಟ್ಟು ನಿನ್ನನ್ನು ಮಾಡುವುದನ್ನು ನೋಡುತ್ತ ಬೆಳೆದವಳು. ಅಜ್ಜಿಯ ಎಲೆತಟ್ಟೆಯಲ್ಲಿ ನೀನಿದ್ದೆ, ಹಬ್ಬ ಬಂತೆಂದರೆ ಮನೆಯ ಗೋಡೆಯ ಮೇಲೂ ಇದ್ದೆ. ಮದುವೆಯಾಗಿ ಡೊಂಬಿವಲಿಗೆ ಬಂದು ಇಲ್ಲಿನ ಕನ್ನಡ ಶಾಲೆಯೊಂದರಲ್ಲಿ 31 ವರ್ಷ ಪಾಠ ಮಾಡುವಾಗ ಸೀಮೆಸುಣ್ಣವಾಗಿ ನನ್ನ ಬೆರಳಿಗೂ ಸೆರಗಿಗೂ ಅಂಟಿಕೊಂಡೇ ಇದ್ದೆ. ಹಲ್ಲು, ಮೂಳೆ ಗಟ್ಟಿಯಾಗಲು ಸುಣ್ಣದಂಶ ಬೇಕು ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ.

ಅಂಥ ನೀನು ಒಂದು ಮಗುವಿನ ರಕ್ತದಲ್ಲಿ ಅರ್ಧಕ್ಕೆ ಇಳಿದು, ಅದೇ ಹೊತ್ತಿಗೆ ಆ ಮಗುವಿನ ಮೆದುಳಿನೊಳಗೆ ಕಲ್ಲಿನಂತೆ ಗಟ್ಟಿಯಾಗಿ ಕೂತಿರಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಬೇಕಾದ ಕಡೆ ಬರಗಾಲ, ಬೇಡದ ಕಡೆ ರಾಶಿ. ನನ್ನ ತಂಗಿಯ ಮಗಳ ಮೈಯಲ್ಲಿ ನೀನು ಹೀಗೆ ನಡೆದುಕೊಂಡೆ. ನಿನಗೆ ಕಿವಿಯಿಲ್ಲ, ಬಲ್ಲೆ. ಆದರೂ ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ, ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮಗುವಿಗೆ ಪಿಟ್ಸ್ ಬಂದು ಕಂಗಾಲಾದ ಯಾವುದಾದರೊಂದು ಮನೆಯವರ ಕೈಗೆ ಈ ಪತ್ರ ಸಿಗಲಿ ಎಂಬ ಆಸೆಯಿಂದ.

ತಂಗಿಯ ಮನೆ ಕಲ್ಯಾಣದಲ್ಲಿ. ನಮ್ಮಿಬ್ಬರ ನಡುವೆ ಠಾಕುರ್ಲಿ ಒಂದೇ ಸ್ಟೇಷನ್. ತಂಗಿಯ ಗಂಡ ದಿನವೂ ಠಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಗೆ ಕೆಲಸಕ್ಕೆ ಹೋಗುತ್ತಾರೆ. ತಂಗಿಯ ಮಗಳು ಪುಟ್ಟಿಗೆ ಮೊದಲ ಸಲ ಪಿಟ್ಸ್ ಬಂದಾಗ ಏಳು ವರ್ಷ. ಶ್ರಾವಣದ ಒಂದು ಬೆಳಿಗ್ಗೆ, ತಂಗಿ ಶಾಲೆಯ ಡಬ್ಬಿಗೆ ನೀರುದೋಸೆ ಮಡಚುತ್ತಿದ್ದಾಗ ಹಿಂದಿನಿಂದ ಧಡ್ ಎಂದು ಸದ್ದಾಯಿತಂತೆ. ಮಗು ನೆಲದ ಮೇಲೆ ಬಿದ್ದು ಕೈಕಾಲು ಸೆಟೆದುಕೊಂಡು ಅದುರುತ್ತಿತ್ತು. ಪಕ್ಕದ ಮನೆಯ ಆಜಿ ಓಡಿ ಬಂದು "ಆಕಡೀ ಆಲೀ, ಆಕಡೀ ಆಲೀ" (ಸೆಳವು ಬಂತು) ಎಂದು ಮರಾಠಿಯಲ್ಲಿ ಕೂಗಿ ಬೀಗದ ಕೈಗೊಂಚಲನ್ನು ಮಗುವಿನ ಅಂಗೈಗೆ ತುರುಕಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ನಮ್ಮೂರಲ್ಲೂ ಹೀಗೇ ಮಾಡುತ್ತಾರೆ, ಆ ಹಿರಿಯರ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಬ್ಬಿಣದಿಂದ ಸೆಳವು ನಿಲ್ಲುವುದಿಲ್ಲ. ಮಗುವನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕು. ಇಷ್ಟನ್ನು ನಾವೆಲ್ಲ ಕಲಿತದ್ದು ಆಮೇಲೆ.

ಒಂದು ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ ಇಇಜಿ ಮಾಡಿದರು. ಮೂರ್ಛೆರೋಗ ಎಂದರು, ಮಾತ್ರೆ ಬರೆದರು. ಎರಡು ವರ್ಷ ಹೊತ್ತು ತಪ್ಪದೆ ಕೊಟ್ಟೆವು. ಪಿಟ್ಸ್ ನಿಲ್ಲಲಿಲ್ಲ. ಮಾತ್ರೆಯ ಪ್ರಮಾಣ ಏರಿತು, ಎರಡನೆಯ ಮಾತ್ರೆ ಸೇರಿತು. ಮಗು ತರಗತಿಯಲ್ಲಿ ತೂಕಡಿಸತೊಡಗಿತು. ಓದಿನಲ್ಲಿ ಹಿಂದೆ ಬಿತ್ತು. ಆ ಎರಡು ವರ್ಷದಲ್ಲಿ ಅವಳ ರಕ್ತದಲ್ಲಿ ನೀನೆಷ್ಟಿದ್ದೀಯೆ ಎಂದು ಯಾರೂ ನೋಡಲಿಲ್ಲ. ನೋಡಿ ಎಂದು ಕೇಳಬೇಕೆಂಬುದು ನಮಗೂ ತಿಳಿದಿರಲಿಲ್ಲ.

ನಾನು ಮೇಷ್ಟ್ರಮ್ಮ, ಮಕ್ಕಳ ಕೈ ನೋಡಿಯೇ ಅವರ ಮನಸ್ಸು ಹೇಳುತ್ತೇನೆ ಎಂದು ನಂಬಿದವಳು. ಆದರೂ ಕಣ್ಣೆದುರಿಗಿದ್ದದ್ದು ನನಗೆ ಕಾಣಲಿಲ್ಲ. ಪುಟ್ಟಿ ರಜೆಗೆ ಬಂದಾಗ ನಾಲ್ಕು ಸಾಲು ಬರೆಯುವಷ್ಟರಲ್ಲಿ ಪೆನ್ಸಿಲ್ ಕೆಳಗಿಟ್ಟು ಕೈ ಒದರುತ್ತಿದ್ದಳು. "ದೊಡ್ಡಮ್ಮ, ತುಟಿಯ ಮೇಲೆ ಇರುವೆ ಹರಿದ ಹಾಗಾಗ್ತದೆ" ಎನ್ನುತ್ತಿದ್ದಳು. ರಾತ್ರಿ ಮೀನಖಂಡ ಹಿಡಿದುಕೊಂಡಿತೆಂದು ಅಳುತ್ತಿದ್ದಳು. ಹೊಸದಾಗಿ ಹುಟ್ಟಿದ ಹಲ್ಲಿನಲ್ಲಿ ಕುಳಿ ಕುಳಿ, ಉಗುರು ಮುಟ್ಟಿದರೆ ಪುಡಿ, ಮೈ ಚರ್ಮ ಒಣಗಿ ಬೂದಿ ಬಳಿದಂತೆ. ಒಂದೊಂದನ್ನೇ ನೋಡಿದರೆ ಎಲ್ಲ ಮಕ್ಕಳಲ್ಲೂ ಇರುವಂಥವೇ. ಒಟ್ಟಿಗೆ ಇಟ್ಟು ನೋಡಿದರೆ ಅಷ್ಟೂ ನಿನ್ನ ಗೈರುಹಾಜರಿಯ ಗುರುತುಗಳು.

ಅದನ್ನು ಒಟ್ಟಿಗೆ ನೋಡಿದವರು ಒಬ್ಬ ಕಿರಿಯ ಡಾಕ್ಟರಮ್ಮ. ಬೇರೆ ಆಸ್ಪತ್ರೆಯ ಹೊರರೋಗಿ ವಿಭಾಗ, ಬೆಂಚಿನ ಮೇಲೆ ಜಾಗವಿಲ್ಲದಷ್ಟು ಜನ. ಜ್ವರಕ್ಕೆಂದು ಹೋಗಿದ್ದೆವು. ಬಿಪಿ ನೋಡಲು ಪುಟ್ಟಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಅಷ್ಟರಲ್ಲಿ ಮೇಜಿನ ಆಚೆಯಿಂದ ಯಾರೋ ಏನೋ ಕೇಳಿದರು, ಅವರು ಆ ಕಡೆ ತಿರುಗಿ ಉತ್ತರ ಹೇಳುತ್ತಿದ್ದರು, ಪಟ್ಟಿಯ ಗಾಳಿ ಹಾಗೇ ಉಳಿಯಿತು. ಪುಟ್ಟಿಯ ಕೈ ತಾನಾಗಿ ಬದಲಾಗತೊಡಗಿತು. ಮಣಿಕಟ್ಟು ಒಳಕ್ಕೆ ಬಾಗಿತು. ನಾಲ್ಕು ಬೆರಳು ನೆಟ್ಟಗೆ ಸೆಟೆದು ಒಂದಕ್ಕೊಂದು ಒತ್ತಿಕೊಂಡವು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತು. ಕಿರಿದಾದ ಬಳೆಯೊಳಗೆ ತೂರಿಸಲು ನಾವು ಕೈಯನ್ನು ಹೇಗೆ ಮಡಚುತ್ತೇವೆಯೋ ಹಾಗೆ. ಪುಟ್ಟಿ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಡಾಕ್ಟರಮ್ಮ ತಿರುಗಿ ನೋಡಿದವರು ಮಾತು ನಿಲ್ಲಿಸಿದರು. ಪಟ್ಟಿ ಬಿಚ್ಚಿದರು. ಬೆರಳು ಮೆಲ್ಲಗೆ ಅರಳಿದವು. ಆಮೇಲೆ ಅವಳ ಕಿವಿಯ ಮುಂದೆ, ಕೆನ್ನೆಯ ಮೇಲೆ ಬೆರಳ ತುದಿಯಿಂದ ಒಮ್ಮೆ ತಟ್ಟಿದರು. ತುಟಿಯ ಅಂಚು ಚಕ್ಕನೆ ಮಿಡಿಯಿತು. "ಇವಳ ಕ್ಯಾಲ್ಸಿಯಂ ಯಾವಾಗಲಾದರೂ ನೋಡಿಸಿದ್ದೀರಾ ಮಾವಶಿ?" ಎಂದು ಕೇಳಿದರು.

ಕೈಯ ಆ ಗುರುತಿಗೆ 19ನೇ ಶತಮಾನದ ಫ್ರೆಂಚ್ ವೈದ್ಯ ಟ್ರೂಸೋ ಅವರ ಹೆಸರು, ಕೆನ್ನೆಯ ಗುರುತಿಗೆ ಅದೇ ಕಾಲದ ಶ್ವೋಸ್ಟೆಕ್ ಎಂಬ ವೈದ್ಯರ ಹೆಸರು. ಯಂತ್ರ ಬೇಡ, ಕರೆಂಟು ಬೇಡ, ಬಿಪಿಯ ಪಟ್ಟಿ ಮೂರು ನಿಮಿಷ ಬಿಗಿಯಾಗಿದ್ದರೆ ಸಾಕು. ಈ ಗುರುತು ಎಲ್ಲರಲ್ಲೂ ಕಾಣಿಸಿಕೊಳ್ಳುವುದಿಲ್ಲ, ಆದ್ದರಿಂದ ಕೊನೆಯ ಮಾತು ರಕ್ತಪರೀಕ್ಷೆಯದೇ. ಸಂಜೆ ಲ್ಯಾಬಿನಿಂದ ಬಂದ ಕಾಗದದಲ್ಲಿ ಕ್ಯಾಲ್ಸಿಯಂ 5.2 ಎಂದಿತ್ತು. ಇರಬೇಕಾದದ್ದು ಸುಮಾರು 8.5ರಿಂದ 10.5. ಮಕ್ಕಳಲ್ಲಿ ಹೆಚ್ಚೆಂದರೆ 6ರ ಆಸುಪಾಸಿನಲ್ಲಿ ಇರಬೇಕಾದ ಫಾಸ್ಫರಸ್, ಅಂದರೆ ರಂಜಕ, 9 ದಾಟಿತ್ತು. ನಿನ್ನನ್ನು ನಡೆಸಬೇಕಾದ ಪಿಟಿಎಚ್ ಎಂಬ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಕಾಯಿಲೆಯ ಹೆಸರು ಹೈಪೋಪ್ಯಾರಾಥೈರಾಯ್ಡಿಸಂ. ಅದೇ ರಾತ್ರಿ ಅವಳನ್ನು ಸೇರಿಸಿಕೊಂಡು, ಎದೆಬಡಿತ ತೋರಿಸುವ ಪರದೆಯ ಮುಂದೆ, ನಿನ್ನನ್ನು ರಕ್ತನಾಳದ ಮೂಲಕ ನಿಧಾನವಾಗಿ ಇಳಿಸಿದರು.

ಸುಣ್ಣವೇ, ನಿನ್ನನ್ನು ಕಾಯುವವರ ಕತೆಯನ್ನು ಆಮೇಲೆ ತಿಳಿದುಕೊಂಡೆ. ಮನುಷ್ಯನ ಮೈಯಲ್ಲಿರುವ ನಿನ್ನ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲಿನ ಮೇಲೆ ನರ, ಸ್ನಾಯು, ಹೃದಯ ಎಲ್ಲವೂ ನಿಂತಿವೆ. ಆ ಒಂದು ಪಾಲನ್ನು ತೂಗಿ ನೋಡುವುದಕ್ಕೆ ಕೊರಳಿನಲ್ಲಿ, ಥೈರಾಯ್ಡಿನ ಬೆನ್ನಿಗೆ, ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ನೀನು ಸ್ವಲ್ಪ ಇಳಿದರೆ ಸಾಕು, ಅವು ಪಿಟಿಎಚ್ ಬಿಡುತ್ತವೆ. ಅದು ಮೂಳೆಯಿಂದ ನಿನ್ನನ್ನು ಸಾಲ ತರುತ್ತದೆ. ಮೂತ್ರದಲ್ಲಿ ನೀನು ಹೊರಟುಹೋಗದಂತೆ ಮೂತ್ರಪಿಂಡಕ್ಕೆ ಹೇಳುತ್ತದೆ, ಹೆಚ್ಚಾದ ರಂಜಕವನ್ನು ಹೊರಹಾಕಿಸುತ್ತದೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರಿಸುತ್ತದೆ. ಆ ವಿಟಮಿನ್ ಕರುಳಿನಿಂದ ನಿನ್ನನ್ನು ಒಳಗೆ ಬಿಡುತ್ತದೆ. ನಾಲ್ಕು ಅಕ್ಕಿಕಾಳು ಸುಮ್ಮನಾದರೆ ಇಷ್ಟೂ ಕೆಲಸ ನಿಲ್ಲುತ್ತದೆ.

ಮನುಷ್ಯರು ಈ ಗ್ರಂಥಿಯನ್ನು ಮೊದಲು ಕಂಡದ್ದು ನಮ್ಮ ನಾಡಿನ ಪ್ರಾಣಿಯೊಂದರಲ್ಲಿ. ಲಂಡನ್ನಿನ ಮೃಗಾಲಯದಲ್ಲಿದ್ದ ಭಾರತದ ಖಡ್ಗಮೃಗ 1849ರಲ್ಲಿ ಸತ್ತಾಗ ಅದನ್ನು ಕೊಯ್ದು ನೋಡಿದ ರಿಚರ್ಡ್ ಓವನ್, ಥೈರಾಯ್ಡಿಗೆ ಅಂಟಿಕೊಂಡ ಹಳದಿ ಬಣ್ಣದ ಚಿಕ್ಕ ಗ್ರಂಥಿಯೊಂದನ್ನು ಗುರುತಿಸಿದ. ಮನುಷ್ಯರಲ್ಲಿ ಅದನ್ನು ಕಂಡು 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಉಪ್ಸಾಲದ ವೈದ್ಯಕೀಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್. ಅದರ ಕೆಲಸವೇನು ಎಂದು ತಿಳಿಯಲು ಇನ್ನೂ ಕಾಲ ಬೇಕಾಯಿತು. ಈ ಗ್ರಂಥಿ ಕಳೆದುಕೊಂಡ ಪ್ರಾಣಿಗಳ ಸೆಳವು ಕ್ಯಾಲ್ಸಿಯಂ ಕೊಟ್ಟರೆ ನಿಲ್ಲುತ್ತದೆ ಎಂದು ಅಮೆರಿಕದ ಮೆಕಲಮ್ ಮತ್ತು ಫೋಗ್ಟ್ಲಿನ್ 1909ರಲ್ಲಿ ತೋರಿಸಿದರು. ಅಂದರೆ ಸೆಳವಿಗೂ ನಿನಗೂ ಇರುವ ನಂಟು ತಿಳಿದು ನೂರು ವರ್ಷ ದಾಟಿದೆ. ಇಷ್ಟು ಹಳೆಯ ತಿಳಿವಳಿಕೆ ನಮ್ಮ ಪುಟ್ಟಿಯ ಚೀಟಿಗೆ ಬರಲು ಎರಡು ವರ್ಷ ಹಿಡಿದದ್ದೇ ನನ್ನ ಸಂಕಟ.

ಇನ್ನು ಪುಟ್ಟಿಯ ತಲೆಯ ಸಿಟಿ ಸ್ಕ್ಯಾನಿನ ವಿಷಯ. ಕಪ್ಪು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮೆದುಳಿನ ನಟ್ಟನಡುವೆ, ಎಡಕ್ಕೂ ಬಲಕ್ಕೂ, ಕನ್ನಡಿ ಹಿಡಿದಷ್ಟು ಸರಿಸಮವಾಗಿ ಎರಡು ಬಿಳಿ ಮಚ್ಚೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ತುದಿ ಒತ್ತಿ ತಿರುವಿದ ಹಾಗೆ. ನನ್ನ ಬೆರಳಿಗೆ 31 ವರ್ಷ ಅಂಟಿದ್ದ ಬಿಳಿ ಬಣ್ಣ ಅಲ್ಲಿತ್ತು. ಚಲನೆಯನ್ನು ಹದಗೊಳಿಸುವ ಬೇಸಲ್ ಗ್ಯಾಂಗ್ಲಿಯಾ ಎಂಬ ಜಾಗ ಅದು.

ಮನೆಯಲ್ಲಿ ಅಂದು ನಡೆದ ಮಾತನ್ನು ಬರೆಯಲೇಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತದೆ. "ಮೆದುಳಲ್ಲಿ ಸುಣ್ಣ ಜಾಸ್ತಿಯಾಗಿದೆ ಅಂತ ಬರೆದಿದ್ದಾರೆ. ಮತ್ತೆ ಸುಣ್ಣದ ಮಾತ್ರೆ ಯಾಕೆ ಕೊಡ್ತಾರೆ? ನಿಲ್ಲಿಸು" ಎಂದರು ತಂಗಿಯ ಅತ್ತೆ. ಕೇಳಿದವರಿಗೆ ಸರಿ ಎನಿಸುವ ಮಾತೇ. ತಂಗಿ ನನ್ನ ಮುಖ ನೋಡಿದಳು, ನನಗೆ ಉತ್ತರ ತಿಳಿಯಲಿಲ್ಲ. ಮರುದಿನ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ಮೆದುಳಿನಲ್ಲಿ ನೀನು ಕೂತದ್ದು ರಕ್ತದಲ್ಲಿ ನೀನು ತುಂಬಿ ತುಳುಕಿದ್ದರಿಂದಲ್ಲ. ಪಿಟಿಎಚ್ ಇಲ್ಲದೆ ರಂಜಕ ಹೊರಗೆ ಹೋಗದೆ ವರ್ಷಗಟ್ಟಲೆ ರಕ್ತದಲ್ಲಿ ಏರಿಯೇ ಇರುತ್ತದೆ, ಅದು ಮೆದುಳಿನ ಆ ಭಾಗದಲ್ಲಿ ಸಿಕ್ಕಿದ ನಿನ್ನನ್ನೇ ಜೊತೆಗೆಳೆದು ಗಟ್ಟಿಯಾಗಿಬಿಡುತ್ತದೆ. ರಕ್ತದಲ್ಲಿ ನಿನಗೂ ರಂಜಕಕ್ಕೂ ಹದ ತಂದರೆ ಅದರ ಬೆಳವಣಿಗೆಗೆ ಕಡಿವಾಣ ಬೀಳಬಹುದು. ಮಾತ್ರೆ ನಿಲ್ಲಿಸಿದರೆ ಸೆಳವು ಮರಳುತ್ತದೆ, ಮಚ್ಚೆಯೂ ಬೆಳೆಯುತ್ತದೆ. ಕೂತದ್ದು ಕರಗಿ ಹೋಗುತ್ತದೆಂದು ಅವರು ಸುಳ್ಳು ಭರವಸೆ ಕೊಡಲಿಲ್ಲ. ಹಾಗೆಯೇ ಮಚ್ಚೆ ಇರುವ ಎಲ್ಲರಿಗೂ ನಡುಕ, ಬಿಗಿತ ಬಂದೇ ಬರುತ್ತದೆ ಎಂದು ಹೆದರಿಸಲೂ ಇಲ್ಲ. ಎಷ್ಟೋ ಜನ ಅದನ್ನಿಟ್ಟುಕೊಂಡೇ ಓಡಾಡಿಕೊಂಡಿದ್ದಾರೆ.

ಅವರು ಇನ್ನೊಂದು ಮಾತು ಹೇಳಿದಾಗ ತಂಗಿ ಬಿಕ್ಕಿದಳು. ಪಿಟ್ಸ್ ಬಂದಾಗಿನಿಂದ ಮಗುವಿಗೆ ಶಕ್ತಿ ಬರಲಿ ಎಂದು ದಿನಕ್ಕೆ ಮೂರು ಲೋಟ ಹಾಲು ಕುಡಿಸುತ್ತಿದ್ದಳು. ಹಾಲಿನಲ್ಲಿ ನಿನ್ನ ಜೊತೆಗೆ ರಂಜಕವೂ ಧಾರಾಳವಾಗಿದೆ. ರಂಜಕ ಏರಿರುವ ಇಂಥ ಮಗುವಿಗೆ ಹಾಲೆಷ್ಟು, ಮಾತ್ರೆಯೆಷ್ಟು ಎಂಬುದನ್ನು ರಕ್ತದ ಲೆಕ್ಕ ನೋಡಿ ವೈದ್ಯರೇ ಹೇಳಬೇಕು. ಮೊಬೈಲಿನಲ್ಲಿ ಓಡಾಡುವ ಸಲಹೆ ನಂಬಿ ಎಲೆಯಡಿಕೆಯ ಸುಣ್ಣವನ್ನು ನೀರಿಗೆ ಕಲಸಿ ಕುಡಿಸುವವರಿದ್ದಾರೆ. ದಯವಿಟ್ಟು ಬೇಡ. ಅದು ಬಾಯಿ, ಗಂಟಲು ಸುಡುತ್ತದೆ, ಮಗುವಿನ ರಕ್ತವನ್ನು ಹದಕ್ಕೆ ತರಲಾರದು.

ಇದು ನಮ್ಮ ಮನೆಯೊಂದರದೇ ವಿಚಿತ್ರ ಕತೆ ಎಂದುಕೊಂಡಿದ್ದೆ, ಹಾಗಲ್ಲ. ದೆಹಲಿಯ ಏಮ್ಸ್‌ನ ಎಂಡೋಕ್ರೈನಾಲಜಿ ವಿಭಾಗದ ಡಾ. ರವೀಂದರ್ ಗೋಸ್ವಾಮಿ ಮತ್ತು ಜೊತೆಗಾರರು ಕಾರಣ ತಿಳಿಯದೆ ಬಂದ ಹೈಪೋಪ್ಯಾರಾಥೈರಾಯ್ಡಿಸಂನ 145 ರೋಗಿಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಜನರ ಮೆದುಳಿನಲ್ಲಿ ಈ ಮಚ್ಚೆಗಳಿದ್ದವು. ಅದೇ ವಿಭಾಗ 2014ರಲ್ಲಿ ಇನ್ನೊಂದು ವಿಷಯವನ್ನು ತಿಳಿಸಿತು. ಮೂರ್ಛೆರೋಗದ ಮಾತ್ರೆ ತಿನ್ನುತ್ತಿದ್ದ ಇಂಥ ರೋಗಿಗಳಲ್ಲಿ, ಕ್ಯಾಲ್ಸಿಯಂ ಹದಕ್ಕೆ ತಂದು ಆ ಮಾತ್ರೆಯನ್ನು ಕ್ರಮವಾಗಿ ಇಳಿಸಿದಾಗ, ಹೆಚ್ಚಿನವರಿಗೆ ಪಿಟ್ಸ್ ಮರಳಲಿಲ್ಲ. ಅಂದರೆ ಅವರಿಗೆ ಬೇಕಾಗಿದ್ದದ್ದು ನೀನು. ಇದನ್ನೋದಿದ ಯಾರೂ ನಾಳೆಯೇ ಮಗುವಿನ ಮಾತ್ರೆ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ಬಿಡದೆ ಬರುವ ಸೆಳವಿಗೆ ಜೀವವೇ ಹೋಗಬಹುದು. ಇಳಿಸುವುದೇನಿದ್ದರೂ ವೈದ್ಯರ ಕೈಯಲ್ಲಿ, ತಿಂಗಳುಗಟ್ಟಲೆ ಸಮಯ ಹಿಡಿದು ಆಗಬೇಕು. ಇನ್ನೂ ಒಂದು ಸಂಗತಿ ಇದೆ. ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಾಜಪೀನ್ ಮೊದಲಾದ ಹಳೆಯ ಮಾತ್ರೆಗಳು ಮೈಯಲ್ಲಿನ ವಿಟಮಿನ್ ಡಿಯನ್ನು ಬೇಗ ಮುಗಿಸುತ್ತವೆ. ಮೊದಲೇ ನೀನು ಕಡಿಮೆಯಿರುವ ಮಗುವಿನಲ್ಲಿ ಅದು ನಿನ್ನನ್ನು ಇನ್ನಷ್ಟು ಇಳಿಸುತ್ತದೆ. ಸೆಳವು ನಿಲ್ಲಲಿಲ್ಲವೆಂದು ಮಾತ್ರೆ ಏರಿಸಿದಂತೆಲ್ಲ ಸೆಳವಿನ ಬೇರಿಗೇ ನೀರೆರೆದಂತಾಗುತ್ತದೆ.

ಸ್ಕ್ಯಾನಿನಲ್ಲಿ ಬಿಳಿ ಕಂಡ ಕೂಡಲೇ ನಮ್ಮ ದೇಶದಲ್ಲಿ ಲಾಡಿಹುಳದ ಗುಳ್ಳೆ ಒಣಗಿದ ಕಲೆ ಎಂಬ ಅನುಮಾನ ಬರುವುದು ಸಹಜ. ಆ ಕಾಯಿಲೆ ಇಲ್ಲಿ ಬಹಳ. ಆದರೆ ಅದು ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಎರಡೂ ಬದಿ ಸಮಸಮ, ಆಳದಲ್ಲಿ ಬಿಳಿ ಕಂಡರೆ ಮುಂದಿನ ಪ್ರಶ್ನೆಯನ್ನು ರಕ್ತಕ್ಕೆ ಕೇಳಬೇಕು. ಬೆಳಕು ಬಾರದ ಫ್ಲ್ಯಾಟುಗಳಲ್ಲಿ ಬೆಳೆಯುವ ಮಕ್ಕಳಿಗೆ ವಿಟಮಿನ್ ಡಿ ಕೊರತೆಯಿಂದಲೂ ನೀನು ಇಳಿಯುತ್ತೀಯೆ, ಸೆಳವೂ ಬರುತ್ತದೆ. ಅಲ್ಲಿ ಪಿಟಿಎಚ್ ಏರಿರುತ್ತದೆ, ರಂಜಕ ಸಾಮಾನ್ಯವಾಗಿ ಕೆಳಗಿರುತ್ತದೆ. ನಮ್ಮ ಪುಟ್ಟಿಯಲ್ಲಿ ಎರಡೂ ತಿರುವುಮುರುವು. ಪಿಟಿಎಚ್ ಧಾರಾಳವಾಗಿದ್ದೂ ಮೈ ಅದರ ಮಾತು ಕೇಳದ ಮಕ್ಕಳೂ ಇದ್ದಾರೆ. ಆ ಕಾಯಿಲೆಯನ್ನು ಆಲ್‌ಬ್ರೈಟ್ ಎಂಬ ವೈದ್ಯ 1942ರಲ್ಲೇ ವಿವರಿಸಿದ್ದ. ಹಾಗಾಗಿ ಕ್ಯಾಲ್ಸಿಯಂ, ರಂಜಕ, ಮೆಗ್ನೀಷಿಯಂ, ವಿಟಮಿನ್ ಡಿ, ಪಿಟಿಎಚ್ ಐದನ್ನೂ ಒಟ್ಟಿಗೆ ಓದಿದರೆ ಮಾತ್ರ ಕತೆ ತಿಳಿಯುತ್ತದೆ.

ಗ್ರಂಥಿಗಳೇಕೆ ಸುಮ್ಮನಾಗುತ್ತವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಮಕ್ಕಳಲ್ಲಿ 22ನೇ ವರ್ಣತಂತುವಿನ ಒಂದು ತುಣುಕು ಹುಟ್ಟುವಾಗಲೇ ಇರುವುದಿಲ್ಲ, ಅವರ ಹೃದಯದಲ್ಲೂ ದೋಷವಿರಬಹುದು. ಕೆಲವರಲ್ಲಿ ಮೈಯ ರಕ್ಷಣೆಯ ಪಡೆಯೇ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ, ಬಾಯಲ್ಲಿ ಮತ್ತೆ ಮತ್ತೆ ಬಿಳಿ ಹುಣ್ಣು ಅದರ ಮುನ್ಸೂಚನೆ. ನಮ್ಮ ಪ್ರದೇಶಕ್ಕೆ ತೀರ ಹತ್ತಿರದ ಕಾರಣ ಇನ್ನೊಂದಿದೆ. ಕಲ್ಯಾಣದ ಮಗ್ಗುಲಿನ ಉಲ್ಹಾಸನಗರ ದೇಶವಿಭಜನೆಯ ಕಾಲದಲ್ಲಿ ಸಿಂಧಿ ನಿರಾಶ್ರಿತರು ಬಂದು ಕಟ್ಟಿದ ಊರು. ಸಿಂಧಿ ಸಮುದಾಯದಲ್ಲಿ ಬೀಟಾ ಥಲಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು ಹೆಚ್ಚು. ಆ ಕಾಯಿಲೆಯ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಕೊಟ್ಟ ರಕ್ತದ ಕಬ್ಬಿಣ ಮೈಯಲ್ಲಿ ಉಳಿದು ಹೃದಯ, ಯಕೃತ್ತುಗಳಂತೆ ಪ್ಯಾರಾಥೈರಾಯ್ಡನ್ನೂ ಹಾಳುಮಾಡುತ್ತದೆ, ಹೆಚ್ಚಾಗಿ ಹತ್ತು ವರ್ಷ ದಾಟಿದ ಮೇಲೆ. ರಕ್ತ ಹಾಕಿಸಿಕೊಳ್ಳಲು ಬಂದ ಮಗು ಕೈ ಜುಮ್ಮೆನ್ನುತ್ತದೆ ಎಂದರೆ ಸೂಜಿಯಿಂದಾಗಿರಬೇಕು ಎಂದು ಬಿಡಬೇಡಿ. ಅದೇ ಕೈಯಿಂದ ಇನ್ನೊಂದು ಚಿಕ್ಕ ಕೊಳವೆ ರಕ್ತ ತೆಗೆದು ಕ್ಯಾಲ್ಸಿಯಂ ನೋಡಿ.

ಸುಣ್ಣವೇ, ನಿನಗೆ ಹೇಳುವ ನೆಪದಲ್ಲಿ ಮೂವರಿಗೆ ಕೈಮುಗಿದು ಕೇಳುತ್ತೇನೆ.

ಮೊದಲು ವೈದ್ಯರಿಗೆ. ನಿಮ್ಮ ಮುಂದಿನ ಸಾಲು ಎಷ್ಟುದ್ದವಿರುತ್ತದೆ ಎಂದು ಆ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಆದರೂ ಪಿಟ್ಸ್ ಬಂದ ಮಗುವಿನ ಮೊದಲ ರಕ್ತದ ಚೀಟಿಯಲ್ಲೇ ಸಕ್ಕರೆಯ ಜೊತೆಗೆ ಕ್ಯಾಲ್ಸಿಯಂ, ಫಾಸ್ಫರಸ್, ಮೆಗ್ನೀಷಿಯಂ ಬರೆಯಿರಿ. ಮಾತ್ರೆಗೆ ಬಗ್ಗದ ಸೆಳವನ್ನು ಕಂಡಾಗ ಪ್ರಮಾಣ ಏರಿಸುವ ಮೊದಲು ಒಮ್ಮೆ ಹಿಂದಿರುಗಿ ಆ ಚೀಟಿ ನೋಡಿ. ಸ್ಕ್ಯಾನಿನ ಖರ್ಚಿನ ಮುಂದೆ ಈ ಪರೀಕ್ಷೆಯ ಖರ್ಚು ಏನೂ ಅಲ್ಲ.

ಆಮೇಲೆ ಅಪ್ಪ ಅಮ್ಮಂದಿರಿಗೆ. "ಡಾಕ್ಟ್ರೇ, ಕ್ಯಾಲ್ಸಿಯಂ ನೋಡಿದ್ದೀರಾ?" ಎಂದು ಕೇಳಲು ನಾಚಬೇಡಿ. ಕನ್ನಡದಲ್ಲೋ ಮರಾಠಿಯಲ್ಲೋ ಬಂದ ಭಾಷೆಯಲ್ಲಿ ಕೇಳಿ. ಪಿಟ್ಸ್ ಬರುವಾಗ ಮೊಬೈಲಿನಲ್ಲಿ ಚಿತ್ರ ಹಿಡಿಯಿರಿ. ಕೈ ಹೇಗೆ ಸೆಟೆಯಿತು, ಮಗುವಿಗೆ ಎಚ್ಚರವಿತ್ತೇ ಎಂಬುದು ಅದರಲ್ಲಿ ಕಾಣುತ್ತದೆ. ಎಚ್ಚರವಿದ್ದೂ ಕೈಕಾಲು ಸೆಟೆಯುವುದು ಸುಣ್ಣದ ಕೊರತೆಯ ದೊಡ್ಡ ಸುಳಿವು. ಹೆಣ್ಣುಮಗುವೆಂದು ಮುಚ್ಚಿಡಬೇಡಿ. ಮುಂದೆ ಮದುವೆಗೆ ತೊಡಕಾದೀತೆಂದು ಮೂರ್ಛೆಯ ಮಾತನ್ನೇ ಅಡಗಿಸುವ ಮನೆಗಳಲ್ಲಿ ಕಾರಣವೂ ಅಡಗಿಯೇ ಉಳಿಯುತ್ತದೆ.

ಮೂರನೆಯದು ನನ್ನ ಜೊತೆಯ ಶಿಕ್ಷಕರಿಗೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆಂದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದದ್ದು 2013ರ ಫೆಬ್ರವರಿ 6ರಂದು, ಪಾಲಘರ್‌ನಲ್ಲಿ. ಆಗ ಪಾಲಘರ್ ಠಾಣೆ ಜಿಲ್ಲೆಯಲ್ಲೇ ಇತ್ತು. ಅದರ ಪಟ್ಟಿಯ 30 ತೊಂದರೆಗಳಲ್ಲಿ ಸೆಳವೂ ಒಂದು. ತಪಾಸಣೆಯ ತಂಡ ನಿಮ್ಮ ಶಾಲೆಗೆ ಬಂದಾಗ ತೂಕ, ಎತ್ತರ ಮಾತ್ರ ಬರೆಸಿ ಕಳಿಸಿಬಿಡಬೇಡಿ. ಬರೆಯುವಾಗ ಕೈ ಹಿಡಿದುಕೊಳ್ಳುವ ಮಗು, ತುಟಿ ಜುಮ್ಮೆನ್ನುವ ಮಗು, ಮಾತ್ರೆ ತಿಂದೂ ಬೀಳುವ ಮಗುವನ್ನು ಕೈಹಿಡಿದು ಮುಂದೆ ನಿಲ್ಲಿಸಿ. ನಾನು ಮಾಡದೆ ಉಳಿದ ಕೆಲಸ ಅದು.

ಕಲ್ಯಾಣಕ್ಕೆ ಹೋದಾಗಲೆಲ್ಲ ಆನಂದಿಬಾಯಿ ಜೋಶಿ ನೆನಪಾಗುತ್ತಾರೆ. 1865ರಲ್ಲಿ ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಹದಿನಾಲ್ಕರ ಹರೆಯದಲ್ಲಿ ಹೆತ್ತ ಗಂಡುಮಗು ತಕ್ಕ ವೈದ್ಯೋಪಚಾರವಿಲ್ಲದೆ ಹತ್ತೇ ದಿನಕ್ಕೆ ತೀರಿಕೊಂಡಿತು. ಆ ನೋವನ್ನು ಹೊತ್ತು ಸಮುದ್ರ ದಾಟಿ, 1886ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದರು. ಮರುವರ್ಷವೇ ಕ್ಷಯದಿಂದ ತೀರಿಹೋದರು, ಇಪ್ಪತ್ತೆರಡೂ ತುಂಬಿರಲಿಲ್ಲ. ಅಂದು ತಕ್ಕ ವೈದ್ಯರು ಸಿಗುವುದೇ ಕಷ್ಟವಿತ್ತು. ಇಂದು ಕಳ್ವಾದ ಛತ್ರಪತಿ ಶಿವಾಜಿ ಆಸ್ಪತ್ರೆಯಿಂದ ಹಿಡಿದು ನೆರೂಳಿನ ಡಿ. ವೈ. ಪಾಟೀಲ್ ಆಸ್ಪತ್ರೆಯವರೆಗೆ ದೊಡ್ಡ ಆಸ್ಪತ್ರೆಗಳಿವೆ, ರೈಲು ಹತ್ತಿದರೆ ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ, ಕೆಇಎಂ ಇವೆ. ವೈದ್ಯರೂ ಲ್ಯಾಬುಗಳೂ ಇರುವ ಊರಿನಲ್ಲಿ ಒಂದು ಪ್ರಶ್ನೆ ಕೇಳದೆ ಉಳಿದು ಮಗುವಿನ ವರ್ಷಗಳು ಹೋಗಬಾರದು.

ಪುಟ್ಟಿಗೀಗ ಹನ್ನೆರಡು. ಊಟದ ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ. ಊಟದ ಜೊತೆಗೇ ಏಕೆಂದರೆ ಅನ್ನದೊಳಗಿನ ರಂಜಕವನ್ನು ಅದು ಕರುಳಿನಲ್ಲೇ ಹಿಡಿದು ಹೊರಗೆ ಒಯ್ಯುತ್ತದೆ. ಜೊತೆಗೆ ಕ್ಯಾಲ್ಸಿಟ್ರಿಯಾಲ್, ಅಂದರೆ ಮೂತ್ರಪಿಂಡ ತಯಾರಿಸಬೇಕಿದ್ದ, ಕೆಲಸಕ್ಕೆ ಸಿದ್ಧವಾದ ವಿಟಮಿನ್ ಡಿ. ನಿನ್ನನ್ನು ತೀರ ಮೇಲಕ್ಕೂ ಏರಿಸುವಂತಿಲ್ಲ. ತಡೆಯುವ ಪಿಟಿಎಚ್ ಇಲ್ಲದ ಕಾರಣ ಹೆಚ್ಚಾದ ನೀನು ಮೂತ್ರಕ್ಕೆ ಇಳಿದು ಮೂತ್ರಪಿಂಡದಲ್ಲಿ ಕಲ್ಲಾಗುತ್ತೀಯೆ. ಅದಕ್ಕೇ ವೈದ್ಯರು ನಿನ್ನನ್ನು ಸಾಮಾನ್ಯ ಮಟ್ಟದ ಕೆಳ ಅಂಚಿನಲ್ಲೇ ನಿಲ್ಲಿಸುತ್ತಾರೆ. ಆಗಾಗ ರಕ್ತ, ಮೂತ್ರ, ಹೊಟ್ಟೆಯ ಸೋನೋಗ್ರಫಿ. ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ, ನಿನ್ನ ಕೊರತೆ ಎಳೆಯ ವಯಸ್ಸಿಗೇ ಪೊರೆ ತರುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಈಗ ಹೇಳುವಾಗ ನಾಲಿಗೆ ತಡೆಯುತ್ತದೆ. ಇಲ್ಲದ ಹಾರ್ಮೋನನ್ನೇ ಚುಚ್ಚುಮದ್ದಾಗಿ ಕೊಡುವ ಹೊಸ ಔಷಧಿಯೊಂದಕ್ಕೆ 2024ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಸದ್ಯ ದೊಡ್ಡವರಿಗೆ. ಅದು ನಮ್ಮ ಮಕ್ಕಳಿಗೂ ಕೈಗೆಟಕುವ ದರದಲ್ಲಿ ಸಿಗುವ ದಿನಕ್ಕೆ ಕಾಯುತ್ತಿದ್ದೇವೆ.

ಮೂರ್ಛೆಯ ಮಾತ್ರೆಗಳನ್ನು ವೈದ್ಯರು ಒಂದೊಂದಾಗಿ ಇಳಿಸಿದರು. ಎರಡೂವರೆ ವರ್ಷದಿಂದ ಪಿಟ್ಸ್ ಬಂದಿಲ್ಲ. ಫಿಲ್ಮಿನ ಎರಡು ಬಿಳಿ ಮಚ್ಚೆ ಹಾಗೇ ಇವೆ, ದೊಡ್ಡದಾಗಿಲ್ಲ. ಲೆಕ್ಕದಲ್ಲಿ ಅವಳಿನ್ನೂ ನಿಧಾನ, ಕಳೆದುಹೋದ ಆ ಎರಡು ವರ್ಷವನ್ನು ಯಾರೂ ಹಿಂದಿರುಗಿಸಲಾರರು. ಕನ್ನಡ ಅಕ್ಷರ ಮಾತ್ರ ದುಂಡಗೆ ಬರುತ್ತದೆ. ಮನೆಯ ಸಣ್ಣ ಹಲಗೆಯ ಮೇಲೆ ನಿನ್ನಿಂದಲೇ ಬರೆಯುತ್ತಾಳೆ.

ಕಳೆದ ತಿಂಗಳು ತಪಾಸಣೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಎಂದಿನಂತೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಗಡಿಯಾರ ನೋಡುತ್ತ ಕೂತರು. ಪುಟ್ಟಿ ಕೈಯನ್ನು ಮೇಜಿನ ಮೇಲೆ ಚಾಚಿ ಬೆರಳುಗಳನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಒಂದು ನಿಮಿಷ, ಎರಡು ನಿಮಿಷ, ಮೂರು. ಮಣಿಕಟ್ಟು ಬಾಗಲಿಲ್ಲ. ಹೆಬ್ಬೆರಳು ತನ್ನ ಜಾಗ ಬಿಡಲಿಲ್ಲ. ಅಂಗೈ ತೆರೆದೇ ಇತ್ತು. "ನೋಡಿ ದೊಡ್ಡಮ್ಮ" ಎಂದು ಐದೂ ಬೆರಳನ್ನು ಒಮ್ಮೆ ಅಗಲಿಸಿ ತೋರಿಸಿದಳು.

ಸುಣ್ಣವೇ, ನೀನಿರಬೇಕಾದ ಕಡೆ ಇರು. ನೀನಿಲ್ಲದಿದ್ದರೆ ಇಲ್ಲವೆಂದು ಬೇಗ ತಿಳಿಯುವಂತೆ ನಾವು ನೋಡಿಕೊಳ್ಳುತ್ತೇವೆ.

ಇತಿ,
ಪುಟ್ಟಿಯ ದೊಡ್ಡಮ್ಮ